ಮಾವಶಿಗೆ ತೋರಿಸಿದ ಮೂಕಿ ಪಿಕ್ಚರು

"ಈ ಡಬ್ಬಿ ಸಲುವಾಗಿ ಹಾಲಿವುಡ್ಡಿನವರು ಬಂದು ನನ್ನ ಕಾಲ ಹಿಡದಾರ್ರಿ, ಮಾವಶಿ. ಕೊಡಂಗಿಲ್ಲ ಅಂದೆ. ಅವರ ವಿಮಾನ ಇನ್ನೂ ಕವಲಾಪುರದ ಜ್ವಾಳದ ಹೊಲದಾಗ ನಿಂತೈತಿ!"

ಇಷ್ಟು ಹೇಳಿ ಪಾಯಪ್ಪ ತುಕ್ಕು ಹಿಡಿದ ಮುಚ್ಚಳ ಎತ್ತಿದ. ಹುಳಿ ನಾತ ಗಪ್ಪನೆ ಹೊಡೆಯಿತು. ಸಾಂಗ್ಲಿವಾಡಿಯ ಈ ಕೋಣೆಯಿಂದ ಸೇತುವೆ ದಾಟಿ ಸಾಂಗ್ಲಿ ಪೇಟೆಯವರೆಗೂ ಜನ ಮೂಗು ಮುಚ್ಚಿಕೊಂಡಿರಬೇಕು. ಪಾಯಪ್ಪ ಒಳಗೆ ಬಗ್ಗಿ ನೋಡಿದ. ಮುಚ್ಚಳವನ್ನು ಸದ್ದಾಗದಂತೆ ಮತ್ತೆ ಹಾಕಿದ.

ಜಿನಮತಿ ಮಾವಶಿ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಕೂತಿದ್ದಳು. ತೊಂಬತ್ತು ದಾಟಿದ ಜೀವ. ಎರಡೂ ಕಣ್ಣಿಗೆ ಪಟ್ಟಿ. ಪಟ್ಟಿ ಬಿಚ್ಚಿದರೂ ಬೆಳಕು ಬರುವುದಿಲ್ಲ ಎಂದು ಮಿರಜದ ಡಾಕ್ಟರು ಬೆಳಿಗ್ಗೆ ಹೇಳಿದಾಗ, ಚಹಾಕ್ಕೆ ಸಕ್ಕರೆ ಸಾಕು ಎಂಬಂತೆ "ಆತು" ಅಂದಿದ್ದಳು. ಅಷ್ಟೇ. ಅಕ್ಕನ ಮಗ ಪಾಯಪ್ಪನ ಎದೆಯೂ ಆಗಿನಿಂದ ಮರಗಟ್ಟಿತ್ತು. ಬಾಯಿ ಮಾತ್ರ ರೂಢಿಯ ಮೇಲೆ ಓಡುತ್ತಿತ್ತು.

ಡಬ್ಬಿ ಸಿಕ್ಕಿದ್ದು ಹೋದ ತಿಂಗಳು, ಹಳೇ ಮನೆ ಕೆಡವುವಾಗ, ಅಟ್ಟದ ಮೇಲೆ. ಸಾಂಗ್ಲಿಯಲ್ಲಿ ಆಡಿದ್ದ ಒಂದು ಕೊಲೆ ನಾಟಕವನ್ನು ಮೂಕಿ ಕಾಲದಲ್ಲಿ ಪಿಕ್ಚರು ಮಾಡಿದ್ದರು; ಅದರ ರೀಲು ಈ ಡಬ್ಬಿಯಲ್ಲಿತ್ತು. ಗಂಡನಿಗೆ ವಿಷ ಹಾಕಿದಳೆಂದು ಗಲ್ಲಿಗೇರುವ ಹೆಂಗಸಿನ ಕಥೆ. ಆ ಪಾತ್ರ ಮಾಡಿದ್ದು ನಮ್ಮ ಮನೆಯವರೇ ಎಂದಷ್ಟೇ ಪಾಯಪ್ಪ ಕೇಳಿದ್ದ. ಮಾವಶಿ ತೊಟ್ಟಿಲಲ್ಲಿದ್ದಾಗಲೇ ಹೆತ್ತವರಿಬ್ಬರನ್ನೂ ಕಾಲರಾ ಒಯ್ದಿತ್ತು. ಒಂದು ಫೋಟೋ ಕೂಡ ಉಳಿದಿರಲಿಲ್ಲ.

"ಕಣ್ಣು ಬರಲಿ. ಒಮ್ಮೆ ಆ ಮಾರಿ ನೋಡ್ತೇನಿ," ಎಂದೇ ಮಾವಶಿ ಆಪರೇಶನ್ನಿಗೆ ಒಪ್ಪಿದ್ದಳು.

ಪಾಯಪ್ಪ ಡಬ್ಬಿ ಬದಿಗಿಟ್ಟ. "ಪಿಕ್ಚರ ಇಲ್ಲೇ ಬಿಡ್ತೇನ್ರಿ. ನಾ ನೋಡಿ ಹೇಳ್ತೇನಿ, ನೀವು ಕೇಳ್ರಿ. ಆ ಕಾಲದಾಗೂ ಪರದೆ ಬಾಜೂಕ ಒಬ್ಬಾವ ನಿಂತು ಕಥಿ ಹೇಳತಿದ್ದ." ಮೂಲೆಯಿಂದ ಯಂತ್ರ ಎಳೆದು ತಂದ. ಚಕ್ರ ತಿರುವಿದ. ಗರಗರ ಶುರುವಾಯಿತು.

ಬಾಗಿಲಲ್ಲಿ ಸೊಸೆ ವೃಷಾಲಿ, ಕೈಯಲ್ಲಿ ಕತ್ತರಿಸಿದ ಬ್ಲೌಜ್ ಬಟ್ಟೆ. "ಬಾಬಾ, ಗಿರಾಕಿ ಬಂದಾರ. ಲವಕರ, ಲಗೂನ ಮುಗಸ್ರಿ."

"ಸುಮ್ನಿರ. ಕೋರ್ಟಿನ ಸೀನು ಬಂತು. ನೋಡ್ರಿ ಮಾವಶಿ, ನಿಮ್ಮ ಅವ್ವ ಬಂದ್ರು! ಏನ್ ಕಳೆ! ಜಡಿ ನೆಲಕ್ಕ ಬಡೀತೈತಿ. ಜಡ್ಜ ತೀರ್ಪು ಮರತು ಬಾಯಿ ತಕ್ಕೊಂಡು ಕುಂತಾನ."

ಮಾವಶಿ ಮೊಣಕಾಲ ಮೇಲೆ ಬಿದ್ದ ಬಿಸಿಲನ್ನು ಅಂಗೈಯಿಂದ ಸವರಿದಳು. "ಕಿಡಕಿ ತಗದೈತಿ. ಗ್ವಾಡಿ ಮ್ಯಾಲ ಚಿತ್ರ ಮೂಡ್ತೈತೇನು?"

"ಹಳೇ ಕಾಲದ ಮಾಲು. ಸೂರ್ಯಾಗೂ ಬಗ್ಗಂಗಿಲ್ಲ."

"ಸೀರಿ ಚಲೋ ಉಟ್ಟಾರೇನು?"

"ಉಡೂದಂದ್ರ! ಹೆಣ್ಣಾಗಿ ಹುಟ್ಟಿದವರಿಗಷ್ಟ ಬರೂ ಕೆಲಸರಿ ಅದು."

ಮಾವಶಿಯ ತುಟಿಯ ಅಂಚು ಒಂದಿಷ್ಟು ಅಲುಗಿತು. ಪಾಯಪ್ಪನಿಗೆ ಹುರುಪು ಬಂತು. "ಅಳಾಕತ್ತಾರ. ಕೃಷ್ಣಾ ಹೊಳಿಗೆ ಮಹಾಪೂರ ಬಂದಂಗ. ಉಡ್ಯಾಗ ಕೂಸು ಐತಿ, ಅದು ನೀವರಿ! ಎತ್ತಿ ಹಿಡದು 'ನನ್ನ ಜಿನಮತಿ' ಅನ್ನಾಕತ್ತಾರ."

"ಮೂಕಿ ಪಿಕ್ಚರದಾಗ ಅಂತಾರೇನೋ?"

"ನನಗ ತುಟಿ ಓದಾಕ ಬರ್ತೈತಿ."

ಗರಗರ ನಡೆದೇ ಇತ್ತು. ಮಾವಶಿ ಏರಿಳಿತವಿಲ್ಲದ ದನಿಯಲ್ಲಿ, ಗೋಡೆಗೇ ಹೇಳಿದಳು:

"ಪಾಯಾ, ಆವಾಗ ಮರ್ಯಾದಸ್ತ ಮನಿ ಹೆಣಮಕ್ಕಳು ಕ್ಯಾಮರಾ ಮುಂದ ನಿಲ್ಲತಿದ್ರೇನೋ? ನಾಟಕದಾಗೂ ಗಂಡಸರ ಸೀರಿ ಉಡತಿದ್ರು, ಪಿಕ್ಚರದಾಗೂ ಅವರ. ನಮ್ಮಜ್ಜಿ ಹೇಳತಿದ್ಳು, ನಮ್ಮವ್ವ ನಿರಗಿ ಹಿಡದು ಕೊಟ್ಟಾಕಿ ಅಷ್ಟ. ಗಲ್ಲಿಗೇರಿದಾಕಿ ನಮ್ಮಪ್ಪ."

ಚಕ್ರ ನಿಂತಿತು.

"ನಿಲ್ಲಸಬ್ಯಾಡ. ತಿರುವು. ಈಗ ನಮ್ಮಪ್ಪನ್ನ ತೋರಸು."

ಹಾಲಿವುಡ್ಡನ್ನೇ ಹೊಲದಲ್ಲಿ ನಿಲ್ಲಿಸಿದ ಬಾಯಿಗೆ ಒಂದು ಮೂಗು, ಒಂದು ಹುಬ್ಬು ಕೂಡ ಸಿಗಲಿಲ್ಲ.

"ರೀಲು ಕೊಳತು ಡಬ್ಬ್ಯಾಗ ಬರೇ ಕಂದು ಪುಡಿ ಐತಿ, ಮಾವಶಿ," ಅಂದ ಪಾಯಪ್ಪ. "ಇಷ್ಟೊತ್ತು ನಾ ತಿರುವಿದ್ದು ವೃಷಾಲಿ ಹೊಲಿಗಿ ಮಶೀನು."