ಡೆಸ್ ಸಾಕಿದ ಯೀಸ್ಟ್

ಜಾಡಿಯ ಮುಚ್ಚಳ ತೆರೆದ ಮೆರಿಡಿ ಒಂದು ಕ್ಷಣ ತಡೆದಳು. ಲಾನ್ಸೆಸ್ಟನ್ ಊರಿನ ತಮ್ಮ ಮನೆಯ ಶೆಡ್ಡಿನಲ್ಲಿ, ಅವಳೆದುರಿನ ಪೀಪಾಯಿಯಲ್ಲಿ ಬಾರ್ಲಿಯ ರಸ ತಣ್ಣಗಾಗಿತ್ತು, ಬೆರಳಿಗೆ ಅಂಟುವಷ್ಟು ಸಿಹಿ. ತೀರಿಕೊಂಡ ಅಪ್ಪ ಡೆಸ್ ವಿಧಾನ ಬರೆದಿಟ್ಟು, ಎಂದೂ ಮಾಡದೇ ಹೋದ ಖಡಕ್ ಬಿಯರಿಗೆಂದು ಕುದಿಸಿದ ರಸ ಅದು. ಜಾಡಿಯಲ್ಲಿದ್ದದ್ದು ಅವನು ಇಪ್ಪತ್ತು ವರ್ಷ ಸಾಕಿಕೊಂಡು ಬಂದ ಯೀಸ್ಟ್. ಪಕ್ಕದಲ್ಲಿ ಅಂಗಡಿಯಿಂದ ತಂದ ಯೀಸ್ಟಿನ ಪೊಟ್ಟಣವೂ ಇತ್ತು.

"ಅಪ್ಪನ್ದೇ ಹಾಕ್ತೀನಮ್ಮ."

ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದ ತಾಯಿ ಗ್ಲೆನಿಸ್, "ಹಾಕು. ಅರ್ಧ ಸಿಹಿ ತಿನ್ನೋಷ್ಟರಲ್ಲೇ ಸುಸ್ತಾಗಿ ಮಲಗತ್ತೆ. ಆಮೇಲೆ ಕೂತ್ಕೊಂಡು ಪಾನಕ ಕುಡಿ," ಎಂದಳು.

"ಅಮ್ಮಾ!"

"ನಿಜ ಕಣೇ. ಮಾಮೂಲಿ ಬಿಯರಿಗೆ ಅದು ಸರಿ. ಇಷ್ಟು ಖಡಕ್ ಆದ್ರೆ ಬದುಕಲ್ಲ. ನಿಮ್ಮಪ್ಪನಿಗೂ ಗೊತ್ತಿತ್ತು. ಬೇರೆ ಯೀಸ್ಟ್ ಮನೆಗೆ ತರಲ್ಲ ಅಂತ ಹಟ. ಅದಕ್ಕೇ ಈ ಬಿಯರ್ ಮಾಡ್ಲೇ ಇಲ್ಲ."

ಮೆರಿಡಿ ಜಾಡಿ ಹಿಡಿದುಕೊಂಡೇ ನಿಂತಳು. ಈ ಬಿಯರ್ ಮಾಡಲು ಅಪ್ಪನಿಗೆ ಆಯಸ್ಸು ಸಾಲದೇ ಹೋಯಿತೆಂದು ಇಷ್ಟು ತಿಂಗಳು ಕೊರಗಿದ್ದಳು. ಈಗ ನಗು ಬಂತು, ಕಣ್ಣೂ ತುಂಬಿತು. "ಎಂಥಾ ಮೊಂಡ!"

"ನಲವತ್ತು ವರ್ಷ ಸಂಸಾರ ಮಾಡಿದೋಳ್ನ ಕೇಳು."

ಮೆರಿಡಿ ಜಾಡಿಯ ಮುಚ್ಚಳ ಬಿಗಿದು ತಾಯಿಯ ಕೈಗಿತ್ತಳು. ಹಲ್ಲಿನಿಂದ ಪೊಟ್ಟಣದ ತುದಿ ಹರಿದು, ಪೀಪಾಯಿಯ ಮೇಲೆ ಬಾಗಿದಳು.