ಮೂಡಲ ದಡ

ಗುಡ್ಡ ಕುಸಿದು ಹೊಳೆಗೆ ಅಡ್ಡ ಬಿದ್ದಾಗ ಹಳೆಯ ಊರು ಮುಳುಗಿ ಸರೋವರವಾಯಿತು. ಬದುಕುಳಿದವರು ಎರಡು ದಡಗಳಲ್ಲಿ ನೆಲೆಯೂರಿದರು. ಗುಡ್ಡದ ಬುಡ ಅಗೆದವರು ನೀವೇ ಎಂದು ಮೂರು ತಲೆಮಾರಿನಿಂದ ಒಬ್ಬರನ್ನೊಬ್ಬರು ಕೊಲ್ಲುತ್ತ ಬಂದಿದ್ದಾರೆ. ಮಂಜು ಕವಿದಾಗ ದೋಣಿ ಎದುರಾದರೆ "ಯಾವ ದಡ?" ಎಂದು ಕೇಳಬೇಕು. ನಮ್ಮವನಾದರೆ "ಮೂಡಲ ದಡ" ಎನ್ನುತ್ತಾನೆ. ಪಡುವಲ ದಡದವನು ಸತ್ತರೂ ಆ ಮಾತು ಆಡುವುದಿಲ್ಲ.

ಹಿಂದಿನ ಸಂಜೆ ತಮ್ಮ, "ಸಾಕು ಕಣಣ್ಣ, ಅವರ ಜೊತೆ ಕೂತು ಮಾತಾಡಾನ" ಅಂದಿದ್ದ. ಅಣ್ಣ ದೋಣಿಯ ಹುಟ್ಟೆತ್ತಿ ಅವನ ಮುಖಕ್ಕೇ ಬಾರಿಸಿ, ತಿರುಗಿಯೂ ನೋಡದೆ ಕಾವಲಿಗೆ ಬಂದುಬಿಟ್ಟಿದ್ದ.

ಬೆಳಗಿನ ಮಂಜಿನಲ್ಲಿ ಕಾವಲು ದೋಣಿಯತ್ತ ನೀರು ಸೀಳುವ ಸದ್ದು ಹತ್ತಿರವಾಯಿತು.

"ಯಾವ ದಡ?" ಅಣ್ಣ ಕೂಗಿದ.

ಮಾತಿಲ್ಲ. ಹುಟ್ಟಿನಿಂದ ದೋಣಿಯ ಅಂಚು ಕುಟ್ಟಿದ ಸದ್ದಷ್ಟೇ ಬಂತು.

"ಹೆದರಿಸ್ತಾವ್ನೆ," ಎಂದ ದೋಣಿಯಲ್ಲಿದ್ದ ಕಾವಲಿನ ಜೊತೆಗಾರ. "ಪಡುವಲದೋನೇ."

"ಕೊನೇ ಸಲ ಕೇಳ್ತಿದೀನಿ. ಯಾವ ದಡ?"

ಮತ್ತೆ ಕುಟ್ಟಿದ ಸದ್ದು, ಇನ್ನೂ ಜೋರಾಗಿ.

ಮಂಜಿನೊಳಗಿಂದ ದೋಣಿಯ ಮೂತಿ ಕಂಡದ್ದೇ ತಡ, ಅಣ್ಣ ಅದರೊಳಕ್ಕೆ ಹಾರಿ ಈಟಿಯಿಂದ ಇರಿದ. ಎದೆ ಸೀಳಿದರೂ ಆ ಮನುಷ್ಯ ಕೂಗಲಿಲ್ಲ. ಇನ್ನೆರಡು ಸಲ ಇರಿದ. ಅಣ್ಣನ ಕಾಲಿಗೆ ಇನ್ನೂ ಬಿಸಿ ಆರದ ಬುತ್ತಿಯ ಗಂಟೊಂದು ತೊಡರಿತು. ಅದನ್ನು ಒದ್ದು ಸರಿಸಿ, ಕೂದಲು ಹಿಡಿದು ಹೆಣದ ಮುಖವನ್ನು ಬೆಳಕಿಗೆತ್ತಿದ.

ತಮ್ಮನ ಮುರಿದ ದವಡೆ ಅಲ್ಲಾಡದಂತೆ ಅತ್ತಿಗೆ ತನ್ನ ಹಳೇ ಸೀರೆಯ ಚೂರಿನಿಂದ ತಲೆಗೆ ಬಿಗಿದು ಕಟ್ಟಿದ್ದಳು.