ಕಣದ ಲಾಭ

"ಲಾಭ!" ಎಂದು ಸಾಯಬಣ್ಣ ಕೂಗಿದ್ದೇ ತಡ, ಮೈಸೂರು ಕಡೆಯಿಂದ ವರ್ಗವಾಗಿ ಬಂದಿದ್ದ ಕೃಷಿ ಅಧಿಕಾರಿಗಳು ಗುಂಡಗುರ್ತಿಯ ಕಣದಿಂದ ಎದ್ದು ನಿಂತರು. ತುಂಬಿದ ಜೋಳದ ಚೀಲವನ್ನು ತಟ್ಟಿ, "ರೈತನೇ ಲಾಭ ಅಂದುಬಿಟ್ಟನಲ್ಲ! ಬರುವ ವರ್ಷ ಇಡೀ ಹೋಬಳಿಗೆ ಈ ಹೊಸ ಬೀಜವನ್ನೇ ಕೊಡೋಣ," ಎಂದು ಜೀಪಿನತ್ತ ಹೊರಟರು.

ಅಂಕಿಅಂಶ ಇಲಾಖೆಯ ಶಿವಕಾಂತಮ್ಮ ಕೂತಲ್ಲಿಂದ ಅಲ್ಲಾಡಲಿಲ್ಲ. ಸಾಯಬಣ್ಣನದೂ ಸೇರಿ ಊರಿನ ಕೆಲವು ಹೊಲಗಳನ್ನು ಸಮನಾಗಿ ಎರಡು ಪಾಲು ಮಾಡಿಸಿ, ಯಾವ ಪಾಲಿಗೆ ಹೊಸ ಬೀಜ, ಯಾವುದಕ್ಕೆ ಮನೆಯ ಬೀಜ ಎಂದು ಚೀಟಿ ಎತ್ತಿಸಿದವಳು ಅವಳೇ. ಸೇಡಂ ಕಡೆಯ ಒಕ್ಕಲುತನದ ಮನೆಯಲ್ಲಿ ಹುಟ್ಟಿದವಳಿಗೆ ಕಣದ ಮಾತು ಹೊಸದೇನಲ್ಲ.

"ಜರಾ ನಿಂದರ್ರಿ ಸಾಹೇಬ್ರ. ರಾಶಿ ಅಳೆಯುವಾಗ ನಮ್ಮ ಮಂದಿ ಒಂದು ಅನ್ನಂಗಿಲ್ರಿ. ಒಂದಕ್ಕ ಲಾಭ ಅಂತಾರ."

"ಹಾಗಾದರೆ ಎರಡನೆಯ ಚೀಲ?"

ಸಾಯಬಣ್ಣನ ಹೆಂಡತಿ ಸಾಬಮ್ಮ ಕಸಬರಿಗೆ ಹಿಡಿದೇ ನಕ್ಕಳು. "ಎಲ್ಲ್ಯದ್ರಿ ಎರಡನೇದು? ನೆಲ ಉಡುಗಾಕತ್ತೀನಿ, ಕಾಣವಲ್ದೇನ್ರಿ? ನಿಮ್ಮ ಬೀಜದ ರಾಶಿ ಅಷ್ಟೇ ನೋಡ್ರಿ."

ಅಧಿಕಾರಿಗಳ ಮುಖ ಸಣ್ಣದಾಯಿತು. "ಇನ್ನೊಂದು ರಾಶಿ ಆಮೇಲೆ ನೋಡೋಣಮ್ಮ, ಹೊತ್ತಾಯಿತು."

"ಹೋಬಳಿ ಮಂದಿ ವರ್ಷಪೂರ್ತಿ ಉಣ್ಣೋ ಮಾತದ ಸಾಹೇಬ್ರ. ಅದೂ ಆಗಲಿ, ಕುಂದ್ರಿ," ಎಂದು ಶಿವಕಾಂತಮ್ಮ ಮನೆಬೀಜದ ರಾಶಿಯ ಕಡೆ ತಿರುಗಿದಳು. "ಹೂಂ, ಕಾಕಾ, ಅಳೀರಿ."

"ಲಾಭ," ಎಂದ ಸಾಯಬಣ್ಣ. ಸ್ವಲ್ಪ ಹೊತ್ತಿಗೆ, "ಎರಡು."

ರಾಶಿ ಇನ್ನೂ ಮೊಣಕಾಲೆತ್ತರಕ್ಕಿತ್ತು. ಅಧಿಕಾರಿಗಳು ಅಂಗಿಯ ತೋಳು ಮಡಚಿಕೊಂಡು ಬಂದು, ಮೂರನೆಯ ಚೀಲದ ಬಾಯಿ ತಾವೇ ಹಿಡಿದರು.